ಹತ್ತಿ ಗೋಡೆಯೊಳಗಿನ ಕನ್ನಡ

ನಾಹಿದ್ ಮಿಸ್ಸಿಗೆ ಕೂತು ಪಾಠ ಮಾಡುವುದು ಯಾವತ್ತೂ ಬರಲಿಲ್ಲ. ಮುಳಬಾಗಿಲಿನ ಕಾನ್ವೆಂಟಿನಲ್ಲಿ ಹದಿನಾರು ವರ್ಷ ಕನ್ನಡ ಕಲಿಸಿದಳು. ಅವಳಿಗೆ ಕೊಟ್ಟ ಕುರ್ಚಿ ಹದಿನಾರು ವರ್ಷವೂ ಹೊಸದಾಗಿಯೇ ಇತ್ತು. ಸವೆದದ್ದೆಲ್ಲ ಚಪ್ಪಲಿ. ಕಪ್ಪುಹಲಗೆಯಿಂದ ಕಿಟಕಿಗೆ, ಕಿಟಕಿಯಿಂದ ಕೊನೇ ಬೆಂಚಿಗೆ, ಅಲ್ಲಿಂದ ಮತ್ತೆ ಹಲಗೆಗೆ. ಪ್ರಥಮಾ ವಿಭಕ್ತಿಯಲ್ಲಿ ಹೊರಟರೆ ಸಪ್ತಮಿ ಮುಟ್ಟುವಷ್ಟರಲ್ಲಿ ಅರ್ಧ ಮೈಲಿ ಆಗಿರುತ್ತಿತ್ತು. ಮಕ್ಕಳಿಗೆ ವಿಭಕ್ತಿಯ ಮೇಲೆ ಭಕ್ತಿ ಹುಟ್ಟಲಿಲ್ಲವಾದರೂ, ಮಿಸ್ಸು ಯಾವ ಮೂಲೆಯಿಂದ ಬಂದು ಕಿವಿ ಹಿಡಿಯುತ್ತಾಳೋ ಎಂಬ ಭಯವಂತೂ ಇತ್ತು.

ಕೊರೋನಾ ಬಂದ ಎರಡನೇ ವರ್ಷ ಆ ಅರ್ಧ ಮೈಲಿ ಎಂಟಡಿಗೆ ಇಳಿಯಿತು. ಶಾಲೆಯವರು ಮೊದಲು ಅರ್ಧ ಸಂಬಳ ಅಂದರು, ಆಮೇಲೆ ‘ಸದ್ಯಕ್ಕೆ ಬರಬೇಡಿ’ ಅಂದರು. ಗಂಡ ಶಾಕಿರನದು ಹತ್ತಿ ಹಾಸಿಗೆಯ ಅಂಗಡಿ. ಅಂಗಡಿಯ ಹಿಂದೆ ಎಂಟಡಿ ಅಗಲ, ಹತ್ತಡಿ ಉದ್ದದ ಒಂದು ಗೋದಾಮು. ಅದರೊಳಗೆ, ಎದೆಯೆತ್ತರಕ್ಕೆ ಮಡಿಸಿಟ್ಟ ಹಾಸಿಗೆಗೆ ಮೊಬೈಲು ಒರಗಿಸಿ, ನಾಹಿದ್ ದಿನಾ ಮಧ್ಯಾಹ್ನ ಮೂರೂವರೆಗೆ ಕನ್ನಡ ಪಾಠ ಮಾಡುತ್ತಿದ್ದಳು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಪರದೆಯ ಆ ಕಡೆ ಇದ್ದ ಶಿಷ್ಯೆಗೆ ಮಿಸ್ಸು ಅರ್ಧ ಹೊತ್ತು ಕಾಣುತ್ತಿದ್ದಳು, ಇನ್ನರ್ಧ ಹೊತ್ತು ಬರೀ ಕೇಳಿಸುತ್ತಿದ್ದಳು.

ಕೆಲಸ ಕೊಟ್ಟದ್ದು ಬೆಂಗಳೂರಿನ ಒಂದು ಕಂಪನಿ. ಹೊರಗಿನವರಿಗೆ ಫೋನಿನಲ್ಲೇ ಕನ್ನಡ ಕಲಿಸುವ ಕಂಪನಿ. ಪಾಠ ಮಾಡುವವರನ್ನು ನೋಡಿಕೊಳ್ಳುತ್ತಿದ್ದವನು ಮಾಲೂರಿನ ಅಮರನಾಥ್, ಅವನದೂ ಮನೆಯಿಂದಲೇ ಕೆಲಸ. ಮೊದಲ ದಿನವೇ ನಿಯಮ ಹೇಳಿದ್ದ.

“ಅನುವಾದ ಬೇಡ ಮೇಡಂ, ವ್ಯಾಕರಣನೂ ಬೇಡ. ಅರ್ಥ ಆಗೋ ಹಾಗೆ ಮಾತಾಡ್ತಾ ಹೋಗಿ. ತೋರಿಸಿ, ಮಾಡಿ, ಮಾತಾಡಿ. ತಾಯಿ ಮಗು ಹತ್ರ ಮಾತಾಡಲ್ವಾ, ಹಾಗೆ. ಅವರಾಗೇ ಬಾಯಿ ಬಿಡೋವರ್ಗೂ ನೀವು ಬಿಡಿಸ್ಬೇಡಿ.”

“ಎಷ್ಟು ದಿನ ಸರ್?”

“ಅದು ಅವರವರ ಬಾಯಿ ಮೇಡಂ.”

ಒಬ್ಬಳೇ ಶಿಷ್ಯೆ, ನಲವತ್ತು ತರಗತಿ. ನಲವತ್ತನೆಯ ದಿನ ಶಿಷ್ಯೆ ಗುರುತಿಲ್ಲದ ಕನ್ನಡದವರೊಬ್ಬರ ಜೊತೆ ಹತ್ತು ನಿಮಿಷ ಮಾತಾಡಬೇಕು. ಆಡಿದರೆ ನಾಹಿದಳ ಕೆಲಸ ಕಾಯಂ. ಆಡದಿದ್ದರೆ ಧನ್ಯವಾದ, ನಮಸ್ಕಾರ.

ಅಷ್ಟರಲ್ಲಿ ಶಾಲೆ ಮತ್ತೆ ತೆರೆಯುವ ಸುದ್ದಿ ಬಂತು. ಪ್ರಿನ್ಸಿಪಾಲ್ ಮೇಡಂ ಅವರೇ ಫೋನ್ ಮಾಡಿದರು. “ಬಂದ್ಬಿಡಿ ನಾಹಿದ್. ಕನ್ನಡಕ್ಕೆ ಬೇರೆಯವರು ಸಿಕ್ಕಿದ್ದಾರೆ. ನಿಮ್ಮನೇಲಿ ಹೇಗೂ ಅದೇ ಮಾತು ತಾನೆ, ನೀವು ಹಿಂದಿ ತಗೊಳ್ಳಿ. ತಿಂಗಳ ಕೊನೇಲಿ ಹೇಳಿ.”

ನಮ್ಮ ಮನೆಯಲ್ಲಿ ಆಡುವುದು ಹಿಂದಿಯಲ್ಲ, ದಖನಿ. ಹಿಂದಿಗೂ ನಮಗೂ ಸಂಬಂಧ ದೂರದ್ದು, ಬಿ.ಎ.ಯಲ್ಲಿ ನಾನು ತೆಗೆದುಕೊಂಡದ್ದು ಐಚ್ಛಿಕ ಕನ್ನಡ ಎಂದೆಲ್ಲ ಹೇಳಬೇಕೆನ್ನಿಸಿತು. ಫೋನು ಇಟ್ಟು ಗೋದಾಮಿನಲ್ಲಿ ಮೂವತ್ತು ಸುತ್ತು ಹಾಕಿದಳು. ಹಿಂದಿ ಮಿಸ್ಸಾಗಿ ಹಿಂದಕ್ಕೆ ಹೋಗುವುದೋ, ಕನ್ನಡ ಮಿಸ್ಸಾಗಿ ಇಲ್ಲೇ ಇರುವುದೋ. ಎಲ್ಲವೂ ಈಗ ಆ ಕಡೆಯ ಹುಡುಗಿಯ ಬಾಯಿಯಲ್ಲಿತ್ತು, ಮತ್ತು ಆ ಹುಡುಗಿ ಬಾಯಿ ಬಿಡುತ್ತಿರಲಿಲ್ಲ.

ಹುಡುಗಿಯ ಹೆಸರು ಪ್ರಣಾಮಿ ಸೈಕಿಯಾ. ಅಸ್ಸಾಮಿನ ಜೋರ್ಹಾಟಿನವಳು, ಡಾಕ್ಟರು. ಕೋಲಾರದಲ್ಲಿ ಮೇಲಿನ ಓದಿಗೆ ಸೀಟು ಸಿಕ್ಕಿ, ಸೇರುವ ದಿನ ಮುಂದಕ್ಕೆ ಹೋಗುತ್ತಾ ಇದ್ದದ್ದರಿಂದ, ಅಷ್ಟರೊಳಗೆ ರೋಗಿಗಳ ಮಾತು ಕಲಿಯೋಣವೆಂದು ಕೂತಿದ್ದಳು. ಊರಿನ ಹೆಸರಿನಲ್ಲಿದ್ದ ಜೋರು ಹುಡುಗಿಯಲ್ಲಿ ಇರಲಿಲ್ಲ. ಮೊದಲ ದಿನ ಕೈಮುಗಿದು ಪ್ರಣಾಮ ಮಾಡಿದ್ದೇ ಆಕೆಯ ದೊಡ್ಡ ಭಾಷಣ. ಅಲ್ಲಿಂದ ಮುಂದೆ ನಗು, ತಲೆಯಾಡಿಸುವುದು, ಬೆರಳು ತೋರಿಸುವುದು.

ಅರ್ಥವಾಗುತ್ತಿರಲಿಲ್ಲವೆಂದಲ್ಲ. “ಕೆಂಪು ಲೋಟ ತಗೋ” ಅಂದರೆ ಕೆಂಪು ಲೋಟವನ್ನೇ ತೆಗೆದುಕೊಳ್ಳುತ್ತಿದ್ದಳು. ಜೋರ್ಹಾಟಿನಲ್ಲಿ ಡಿಸೆಂಬರಿನ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ. ಪಾಠದ ನಡುವೆ ಆಕೆಯ ಕಿಟಕಿ ಕಪ್ಪಾಗುತ್ತಿದ್ದಂತೆ ನಾಹಿದ್ “ಕತ್ತಲಾಯ್ತು, ದೀಪ ಹಾಕು” ಅನ್ನುವಳು, ಹುಡುಗಿ ಎದ್ದು ದೀಪ ಹಾಕುವಳು. ಇಲ್ಲಿ ಮುಳಬಾಗಿಲಿನಲ್ಲಿ ಇನ್ನೂ ಸುಡು ಬಿಸಿಲು. ಆದರೆ “ಏನಾಯ್ತು?” ಎಂದು ಕೇಳಿದರೆ ನಗು. ಬರೀ ನಗು. ಇಪ್ಪತ್ತಾರು ತರಗತಿ ಹೀಗೇ ಹೋದವು.

ಮೌನ ಮಾಡುವವರಿಗೆ ಸುಲಭ, ಕಾಯುವವರಿಗಲ್ಲ. ನಾಹಿದ್ ಅನ್ನ ಬಸಿಯುತ್ತಾ ಹುಡುಗಿಯ ತುಟಿ ನೆನೆಸಿಕೊಳ್ಳುವಳು, ಬಟ್ಟೆ ಹಿಂಡುತ್ತಾ ದಿನ ಎಣಿಸುವಳು. ಮನೆ ತುಂಬ ಹಾಸಿಗೆ, ಒಂದರ ಮೇಲೂ ನೆಟ್ಟಗೆ ನಿದ್ದೆಯಿಲ್ಲ.

ಅತ್ತೆ ಅಸ್ಗರಿಗೆ ಈ ಪಾಠ ನೋಡುವುದೇ ಒಂದು ಮೋಜು. ಎಪ್ಪತ್ತರ ಮುದುಕಿ, ಗೋದಾಮಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುವಳು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು: “ಯೇ ಪೊಟ್ಟಿ ಗೂಂಗಿ ಹೈ ಕ್ಯಾ?” ಈ ಹುಡುಗಿ ಮೂಗಿಯೇನೆ, ಎಂದು. ಆಮೇಲೆ ಸೊಸೆಯ ಮೇಲೆ ಕರುಣೆ ಬಂದು ಟೀ ಬೇಕೇ ಅಂದಳು. ನಾಹಿದ್ ನಿಯಮ ಮರೆತು “ನಕ್ಕೋ ಅಮ್ಮೀ” ಅಂದಳು. ದಖನಿಯಲ್ಲಿ ನಕ್ಕೋ ಅಂದರೆ ಬೇಡ. ಆದರೆ ತಗೋ ಅಂದರೆ ತೆಗೆದುಕೊಳ್ಳುವ, ಕೂತ್ಕೋ ಅಂದರೆ ಕೂರುವ ಆ ಆಜ್ಞಾಧಾರಕ ಹುಡುಗಿ, ನಕ್ಕೋ ಅಂದದ್ದು ಕೇಳಿ ಮಿಸ್ಸಿನ ಮಾತು ಮೀರಬಾರದೆಂದು ಗಟ್ಟಿಯಾಗಿ ನಕ್ಕಳು.

ಅಂದೇ ನಾಹಿದ್ ಗೋಡೆ ಬಲಪಡಿಸಲು ತೀರ್ಮಾನಿಸಿದ್ದು.

ಗೋಡೆಯೆಂದರೆ ಹಾಸಿಗೆಗಳ ಗೋಡೆ. ಅಂಗಡಿ ಇರುವುದು ಬಜಾರು ರಸ್ತೆಯಲ್ಲಿ. ಹೊರಗೆ ಗಿರಾಕಿಗಳ ತೆಲುಗು, ಒಳಗೆ ಅಡುಗೆಮನೆಯ ದಖನಿ, ಗಂಡಹೆಂಡಿರದು ಕೌಂಟರಿನಲ್ಲಿ ಕನ್ನಡ, ಜಗಳಕ್ಕೆ ಯಾವುದು ಮೊದಲು ಸಿಕ್ಕಿತೋ ಅದು. ಇದೆಲ್ಲ ಹುಡುಗಿಯ ಕಿವಿಗೆ ಬಿದ್ದರೆ ಕನ್ನಡ ಕೆಡುತ್ತದೆ ಎಂದು ನಾಹಿದ್ ಮೊದಲಿಂದಲೂ ಸಿದ್ಧವಾದ ಹಾಸಿಗೆಗಳನ್ನು ಸುತ್ತ ನಿಲ್ಲಿಸಿಕೊಂಡಿದ್ದಳು. ಈಗ ಇನ್ನೊಂದು ಸಾಲು ನಿಲ್ಲಿಸಿದಳು. ಒಂದೇ ಒಂದು ತೊಡಕು: ಅಂಗಡಿಯ ಹಾಸಿಗೆಗಳೆಲ್ಲ ಯಾರೋ ಹೇಳಿ ಮಾಡಿಸಿದವು. ಉತ್ತರದ ಗೋಡೆ ದೇವರಾಯಸಮುದ್ರದ ದೊಡ್ಡಗಂಗಮ್ಮನದು. ಕೆಂಪು ಗೀಟಿನ ಡಬಲ್ ಹಾಸಿಗೆ, ಬಾಣಂತನಕ್ಕೆ ಬರುವ ಮಗಳಿಗೆಂದು ತನ್ನ ಮನೆಯ ಹಳೇ ಹತ್ತಿಯನ್ನೇ ತಂದುಕೊಟ್ಟು, ಹಿಂಜಿಸಿ ಮಾಡಿಸಿದ್ದು. ಅದು ಮುಗಿದು ಎರಡು ವಾರವಾಗಿತ್ತು. ಶಾಕಿರ್ ಆ ಮುದುಕಿಗೆ ಎರಡು ವಾರದಿಂದ ‘ನಾಳೆ’ ಅನ್ನುತ್ತಿದ್ದ.

“ಇನ್ನೊಬ್ಬರ ಹಾಸಿಗೆ ಇಟ್ಕೊಂಡು ಎಷ್ಟು ದಿನ ಕಣೇ ನಾನು ಸುಳ್ಳು ಹೇಳೋದು?”

“ನಲವತ್ತನೇ ಕ್ಲಾಸ್ ಆಗೋವರ್ಗೂ.”

“ಅವಳ ಮೊಮ್ಮಗು ಅಷ್ಟರಲ್ಲಿ ಸ್ಕೂಲಿಗೆ ಹೋಗುತ್ತೆ.”

“ಹೋದ್ರೆ ಅಲ್ಲಿ ನಾನೇ ಹಿಂದಿ ಮಿಸ್ಸಾಗಿರ್ತೀನಿ. ಸುಮ್ನಿರಿ.”

ಮೂವತ್ತನೇ ತರಗತಿಯ ಹೊತ್ತಿಗೆ ನಾಹಿದಳ ತಾಳ್ಮೆ ಮುಗಿಯಿತು. ಅಮರನಾಥನ ನಿಯಮವನ್ನು ಪಕ್ಕಕ್ಕಿಟ್ಟು, ಕಾನ್ವೆಂಟಿನ ಹಳೇ ಮದ್ದು ತೆಗೆದಳು: ಬಾಯಿಪಾಠ. ಏನು ತೊಂದರೆ? ಎಷ್ಟು ದಿನದಿಂದ? ಎಲ್ಲಿ ನೋವು? ಡಾಕ್ಟರು ಕೇಳಬೇಕಾದ ಹನ್ನೆರಡು ಪ್ರಶ್ನೆ ಬರೆಸಿ, ಹತ್ತು ಸಲ ಹೇಳು ಅಂದಳು. ಹುಡುಗಿ ಹೇಳಿದಳು. ಹೇಳುವಾಗ ಮುಖ ಔಷಧಿ ಕುಡಿದ ಹಾಗಿತ್ತು. ಮಾರನೆಯ ದಿನ “ಎಲ್ಲಿ ದಿನದಿಂದ? ಎಷ್ಟು ತೊಂದರೆ ನೋವು?” ಅಂತ ಎಲ್ಲವೂ ಕಲಸಿಹೋಯಿತು. ಅದರ ಮಾರನೆಯ ದಿನ ಕ್ಯಾಮೆರಾವೇ ಆರಿತು. ಇದ್ದ ನಗುವೂ ಹೋಯಿತು.

ಮೂವತ್ತಮೂರನೇ ದಿನ ಗೋದಾಮಿನಲ್ಲಿ ನೆಟ್ಟೂ ಹೋಯಿತು. ಎರಡು ಸಾಲು ಹತ್ತಿಯೊಳಗೆ ಸದ್ದು ಬರುವುದಿಲ್ಲ ಎಂದು ನಾಹಿದ್ ಬೀಗುತ್ತಿದ್ದಳು. ಸಿಗ್ನಲ್ಲೂ ಬರುವುದಿಲ್ಲ ಎಂದು ಈಗ ತಿಳಿಯಿತು. ಪಾಠ ತಪ್ಪಿಸುವ ಹಾಗಿಲ್ಲ. ಮೊಬೈಲು ತಂದು ಅಂಗಡಿಯ ಕೌಂಟರಿನ ಮೇಲೆ ಒಂದು ದಿಂಬಿಗೆ ಒರಗಿಸಿದಳು. ಸಂಪರ್ಕ ಸಿಕ್ಕಿತು, ಪುಣ್ಯಕ್ಕೆ ಹುಡುಗಿಯ ಮುಖವೂ ಕಂಡಿತು. ಅಷ್ಟರಲ್ಲಿ ಒಳಗಿಂದ ಅತ್ತೆ ಕೂಗಿದಳು, ಗ್ಯಾಸಿನವನು ಬಂದಿದ್ದ. “ಒಂದ್ನಿಮಿಷ ಪ್ರಣಾಮಿ, ಬಂದೆ” ಎಂದು ನಾಹಿದ್ ಓಡಿದಳು.

ಆ ಒಂದು ನಿಮಿಷ ಹತ್ತಾಯಿತು. ತಿರುಗಿ ಬರುವಾಗ ಕೌಂಟರಿನ ಮುಂದೆ ದೊಡ್ಡಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು.

“ಯೇಮಪ್ಪಾ ಶಾಕಿರು, ಮಂಗಳವಾರ ಅಂದೆ, ಶುಕ್ರವಾರ ಅಂದೆ. ತೊಂದರಗಾ ಕೊಡಪ್ಪಾ ಅಂದ್ರೆ ಹಲ್ಲು ಬಿಡ್ತೀಯ. ಮುಂದಿನ ಗುರುವಾರ ಮಗಳು ಆಸ್ಪತ್ರೆಯಿಂದ ಬರ್ತಾಳೆ. ಕೂಸನ್ನ ನನ್ ತಲೆ ಮೇಲೆ ಮಲಗಿಸ್ಲಾ?”

“ನಾಳೆ ಕೊಡ್ತೀನಿ ಅವ್ವಾ.”

“ನಿನ್ ನಾಳೆಗೆ ಗಡ್ಡ ಬಂತು. ನಂಗೆ ತೊಂದರ ಅಂತ ಎಷ್ಟ್ ಸಲ ಹೇಳ್ಲಿ ನಿಂಗೆ?”

ಬಸ್ಸಿನ ಹಾರನ್ನು ಕೇಳಿ ಮುದುಕಿ ಓಡಿದಳು. ಶಾಕಿರ್ ಮುಖ ಒರೆಸಿಕೊಂಡು “ಈ ಅವ್ವಂದು ದೊಡ್ಡ ತೊಂದರೆ ಆಯ್ತಲ್ಲ ಮಾರಾಯ್ತಿ” ಅಂದ. ನಾಹಿದ್‌ಗೆ ತಲೆ ತಗ್ಗಿತು. ಒಂದು ತಿಂಗಳು ಹತ್ತಿ ಕಟ್ಟಿ ಕಾಪಾಡಿದ್ದ ಶುದ್ಧ ಕನ್ನಡವೆಲ್ಲ ಹತ್ತು ನಿಮಿಷದಲ್ಲಿ ಬಜಾರಿಗೆ ಬಿದ್ದಿತ್ತು. ಕ್ಷಮೆ ಕೇಳೋಣವೆಂದು ಫೋನಿನ ಕಡೆ ಬಗ್ಗಿದಳು.

ಪ್ರಣಾಮಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಿದ್ದಳು.

“ಅಜ್ಜಿಗೆ ತೊಂದರೆ,” ಅಂದಳು. “ಮಗಳು ಬರ್ತಾಳೆ. ಕೂಸು ಬರುತ್ತೆ. ಹಾಸಿಗೆ ಇಲ್ಲ. ಶಾಕಿರ್ ಭಾಯಿ ನಾಳೆ, ನಾಳೆ, ನಾಳೆ.”

ನಾಹಿದ್ ಕೌಂಟರು ಹಿಡಿದುಕೊಂಡಳು. ಯಾರೂ ಬರೆಸದ, ಯಾರೂ ಹೇಳಿಕೊಡದ ಐದು ವಾಕ್ಯ. ಶಾಕಿರ್ ಬಾಯಿ ತೆರೆದು ನಿಂತ. ಒಳಗಿಂದ ಅಸ್ಗರಿ ಬಂದು “ಬಾತ್ ಕರೀ?” ಎಂದು ಕೇಳಿ, ಹೌದು ಮಾತಾಡಿದಳು ಎಂದು ತಿಳಿದು, ಹುಡುಗಿಯ ಮುಖಕ್ಕೆ ಫೋನಿನ ಮೇಲೆಯೇ ದೃಷ್ಟಿ ತೆಗೆದಳು.

ಸಂತೋಷಕ್ಕೆ ಆಯಸ್ಸು ಹದಿನೈದು ನಿಮಿಷ. ಪಾಠದ ಕೊನೆಯಲ್ಲಿ ಪ್ರಣಾಮಿ ಗಡಿಯಾರ ನೋಡಿ ಎದ್ದಳು. “ಮಿಸ್, ನಂಗೆ ತೊಂದರೆ. ಬಸ್ ಬರುತ್ತೆ” ಎಂದು, ಓಡುವವಳ ಹಾ​ಗೆ ಎರಡೂ ಕೈ ಬೀಸಿ ತೋರಿಸಿ, ನಕ್ಕು, ಫೋನಿಟ್ಟಳು.

ನಾಹಿದ್‌ಗೆ ಆಗ ಹೊಳೆಯಿತು. ದೊಡ್ಡಗಂಗಮ್ಮನ ತೊಂದರ ತೆಲುಗಿನದು. ತೆಲುಗಿನ ತೊಂದರ ಅಂದರೆ ಅವಸರ. ಬಾಯಿಪಾಠ ಮಾಡಿಸಿ ಅರ್ಥವಿಲ್ಲದೆ ಬಿಟ್ಟಿದ್ದ ‘ತೊಂದರೆ’ಗೆ ಹುಡುಗಿ ಕೌಂಟರಿನಲ್ಲಿ ಕಣ್ಣಾರೆ ಕಂಡ ಅರ್ಥವನ್ನು ತೊಡಿಸಿಬಿಟ್ಟಿದ್ದಳು. ನಾಳೆ ಈ ಡಾಕ್ಟರು ಕೋಲಾರದಲ್ಲಿ ರೋಗಿಯ ಮುಂದೆ ಕೂತು “ಏನು ತೊಂದರೆ?” ಎಂದರೆ, ಆಕೆಯ ಮನಸ್ಸಿನಲ್ಲಿ ಅದು, ಏನಷ್ಟು ಅವಸರ ನಿಮಗೆ, ಎಂದು.

ಮಾರನೆಯ ದಿನ ಗೋದಾಮಿನ ಬಾಗಿಲ ಬಳಿ, ನೆಟ್ಟು ಸಿಕ್ಕ ಕಡೆ, ಹಲಗೆ ತಂದು ಮೂರು ಗೀಟು ಎಳೆದಳು. “ನೋಡು ಪ್ರಣಾಮಿ. ತೆಲುಗಿನ ತೊಂದರ ಅಂದ್ರೆ ಕನ್ನಡದ ಅವಸರ. ಕನ್ನಡದ ತೊಂದರೆ ಅಂದ್ರೆ ಕಷ್ಟ. ತೆಲುಗಿನ ಅವಸರಂ ಅಂದ್ರೆ ಕನ್ನಡದಲ್ಲಿ ಬೇಕು ಅಂತ. ನಮಗೆ ಅವಸರ ಇದ್ರೆ ಅವರಿಗೆ ತೊಂದರ, ಅವರಿಗೆ ಅವಸರಂ ಇದ್ರೆ ನಮಗೆ…” ಅಲ್ಲಿಗೆ ಅವಳಿಗೇ ಉಸಿರು ಕಟ್ಟಿತು. ಪ್ರಣಾಮಿಯ ಹುಬ್ಬು ಗಂಟಿಕ್ಕಿತು, ಬಾಯಿ ಮುಚ್ಚಿತು. ಬಾಗಿಲಲ್ಲಿದ್ದ ಶಾಕಿರ್ ಹೇಳಿದ:

“ನಂಗೆ ಮೂರು ಭಾಷೆನೂ ಬರುತ್ತೆ. ನಿನ್ ಪಾಠ ಕೇಳಿದ ಮೇಲೆ ಒಂದೂ ಬರಲ್ಲ.”

“ಹಾಗಾದ್ರೆ ಏನ್ ಮಾಡ್ಲಿ?”

“ಅವಳು ಬಾಯಿ ಬಿಟ್ಟಿದ್ದು ಎಲ್ಲಿ, ಕೌಂಟರಲ್ಲಿ ತಾನೆ? ಅಲ್ಲೇ ಇಡು.”

ಹಾಗೆ ಮುಂದಿನ ಐದು ದಿನ ಪಾಠ ಕೌಂಟರಿನಲ್ಲಿ ನಡೆಯಿತು. ನಾಹಿದ್ ಅಂಗಡಿಯ ಉದ್ದಕ್ಕೂ ಓಡಾಡುತ್ತಾ, ಬಂದವರು ಯಾರು, ಏನು ಕೇಳಿದರು, ಶಾಕಿರ್ ಏನು ಸುಳ್ಳು ಹೇಳಿದ, ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದಳು. ನಂಗಲಿಯ ಕಡೆಯವನೊಬ್ಬ ಬಂದು “ರೆಂಡು ದಿಂಡ್ಲು ಅವಸರಂ” ಅಂದ. ಎರಡು ದಿಂಬು ಬೇಕಿತ್ತು. ಆದರೆ ಕಾಲು ಮೇಲೆ ಕಾಲು ಹಾಕಿ ಅರ್ಧ ಗಂಟೆ ಕೂತು, ಟೀ ಕುಡಿದು, ಅವಸರವೇ ಇಲ್ಲದೆ ಹೋದ. ದೊಡ್ಡಗಂಗಮ್ಮ ಇನ್ನೆರಡು ಸಲ ಬಂದು ಬೈದು ಹೋದಳು. ಪ್ರಣಾಮಿ ದಿನಕ್ಕೆ ಎರಡು ಮಾತು, ನಾಲ್ಕು ಮಾತು, ಹತ್ತು ಮಾತು ಆಡತೊಡಗಿದಳು. ಆ ಒಂದು ಪದ ಮಾತ್ರ ಏನಾಗಿದೆಯೆಂದು ಕೇಳಲು ನಾಹಿದ್‌ಗೆ ಧೈರ್ಯ ಬರಲಿಲ್ಲ. ಕೇಳಿದರೆ ಮತ್ತೆ ಬಾಯಿ ಮುಚ್ಚಿಕೊಂಡರೆ?

ನಲವತ್ತನೇ ತರಗತಿ ಗುರುವಾರ ಬಂತು. ಪರೀಕ್ಷೆಯ ದಿನ ಹಿಂದೆ ಯಾವ ಗಲಾಟೆಯೂ ಇರಬಾರದೆಂದು ಅಮರನಾಥ್ ಮೊದಲೇ ಹೇಳಿದ್ದ. ಹಾಗಾಗಿ ನಾಹಿದ್ ಗೋದಾಮಿನೊಳಗೆ ಹೋದಳು. ಶಾಕಿರನ ಫೋನನ್ನು ಬಾಗಿಲ ಹತ್ತಿರ ಇಟ್ಟು ಅದರ ನೆಟ್ಟಿನಿಂದ ತನ್ನ ಫೋನಿಗೆ ಜೀವ ಕೊಟ್ಟಳು. ಕೆಂಪು ಗೀಟಿನ ಹಾಸಿಗೆ ಉತ್ತರಕ್ಕೆ ಇನ್ನೂ ನಿಂತೇ ಇತ್ತು. ಆ ಹಾಸಿಗೆಯ ಮೇಲೆ ಮಲಗಬೇಕಾದ ಕೂಸೂ ಅಂದೇ ಮನೆಗೆ ಬರುವುದಿತ್ತು.

ಮಾಲೂರಿನ ಪರದೆಯಲ್ಲಿ ಅಮರನಾಥನ ಪಕ್ಕ ಒಬ್ಬ ಹಿರಿಯ ಹೆಂಗಸು. ಗುರುತಿಲ್ಲದ ಕನ್ನಡದವರು ಯಾರೂ ಆ ದಿನ ಸಿಗದೆ ಅವನು ತನ್ನ ತಾಯಿ ಅಂಜಮ್ಮನನ್ನೇ ಕೂರಿಸಿದ್ದ. “ಅಮ್ಮ ರೋಗಿ ಥರ ಆಕ್ಟ್ ಮಾಡ್ತಾರೆ, ಡಾಕ್ಟರು ಮಾತಾಡಿಸ್ಬೇಕು. ಮೇಡಂ, ನೀವು ಮಧ್ಯೆ ಬರೋ ಹಾಗಿಲ್ಲ. ಮ್ಯೂಟ್ ಮಾಡ್ಕೊಳ್ಳಿ.”

ನಾಹಿದ್ ಬಾಯಿ ಮ್ಯೂಟ್ ಮಾಡಿಕೊಂಡಳು. ಕಾಲಿಗೆ ಮ್ಯೂಟ್ ಇರಲಿಲ್ಲ.

“ಆಕ್ಟ್ ಯಾಕಮ್ಮ,” ಅಂದಳು ಅಂಜಮ್ಮ. “ನಂಗೆ ನಿಜವಾಗ್ಲೇ ನೂರೆಂಟು ಐತೆ.”

“ಏನು ತೊಂದರೆ ಅಮ್ಮಾ?” ಅಂದಳು ಪ್ರಣಾಮಿ.

ಸುತ್ತು ಹಾಕುತ್ತಿದ್ದ ನಾಹಿದ್ ಫೋನಿನ ಕಡೆ ತಿರುಗಿದಳು. ಯಾವ ತೊಂದರೆ ಕೇಳಿದಳು ಇವಳು?

“ಒಂದಾ ಎರಡಾ, ಭಾಳ ತೊಂದರೆ ಕಣಮ್ಮ.”

“ತೊಂದರೆ ಬೇಡ. ಕೂತ್ಕೊಳ್ಳಿ. ಮೆಲ್ಲಗೆ ಹೇಳಿ.”

“ನೋಡು ಎಂಥಾ ಮಾತು,” ಎಂದು ಅಂಜಮ್ಮ ಮಗನ ಕಡೆ ತಿರುಗಿದಳು. “ಹೆತ್ತ ಮಗ ನೀನು ಒಂದಿನ ಹಿಂಗೆ ಅಂದಿದ್ದೀಯೇನ್ಲಾ?”

ಅಮರನಾಥ್ ಖುಷಿಯಲ್ಲಿ ಏನೋ ಬರೆದುಕೊಂಡ. ನಾಹಿದ್ ಗೋಡೆ ಮುಟ್ಟಿ ತಿರುಗಿದಳು. ಅವಸರ ಬೇಡ ಎಂದು ಹೇಳಿದ್ದಾಳೆ ಹುಡುಗಿ. ಕಷ್ಟಪಡಬೇಡಿ ಎಂದು ಕೇಳಿಸಿಕೊಂಡಿದ್ದಾರೆ ಅವರು. ತಪ್ಪು ಸರಿಯ ವೇಷ ಹಾಕಿಕೊಂಡು ಪರೀಕ್ಷೆಗೆ ಕೂತಿತ್ತು.

ಅಂಜಮ್ಮ ಮಂಡಿಯಿಂದ ಶುರುಮಾಡಿ, ಬೆನ್ನು ದಾಟಿ, ಮೆಲ್ಲಗೆ ಮೇಲೆ ಬಂದಳು. “ಮೆಟ್ಲು ಹತ್ತಿದ್ರೆ ಉಸಿರಾಟಕ್ಕೆ ತೊಂದರೆ.”

“ಉಸಿರು ಜೋರು ಜೋರು?” ಪ್ರಣಾಮಿ ಏದುಸಿರು ಬಿಟ್ಟು ತೋರಿಸಿದಳು.

“ಹೂಂ, ಹಂಗೇ.”

ಉಸಿರಿಗೆ ಅವಸರ ಎಂದೇ ಇವಳ ಲೆಕ್ಕ, ಅದೂ ಸರಿಹೋಯಿತು. ನಾಹಿದ್ ದುಪಟ್ಟಾದ ತುದಿ ಕಚ್ಚಿದಳು.

“ಎದೆ?” ಪ್ರಣಾಮಿ ತನ್ನ ಎದೆಯ ಮೇಲೆ ಕೈಯಿಟ್ಟಳು.

“ಇಲ್ಲಿ ಕಲ್ಲಿಟ್ಟಂಗೆ ಭಾರ. ಈ ಕೈವರ್ಗೂ ಎಳೀತೈತೆ.” ಅಂಜಮ್ಮ ಎಡಗೈ ನೀವಿಕೊಂಡಳು.

“ಎಷ್ಟು ದಿನದಿಂದ?”

“ನಾಲ್ಕು ದಿನ ಆಯ್ತು. ಗ್ಯಾಸಿರ್ಬೇಕು ಅಂತ ಇವನಿಗೆ ಹೇಳ್ಲಿಲ್ಲ.”

ಅಮರನಾಥನ ಫೋನಿನಲ್ಲಿ ಗಂಟೆ ಬಾರಿಸಿತು. “ಹತ್ತು ನಿಮಿಷ. ಸಾಕು ಸಾಕು. ಅಮ್ಮ, ಚೆನ್ನಾಗಿ ಮಾಡಿದೆ ಆಕ್ಟಿಂಗು. ಡಾಕ್ಟ್ರೇ, ಸೂಪರ್. ಮೇಡಂ, ಪಾಸ್ ಅಂತ ಬರೀತಿದ್ದೀನಿ.”

ಆ ಮಾತಿಗಾಗಿಯೇ ನಾಹಿದ್ ನಲವತ್ತು ದಿನ ನಡೆದಿದ್ದಳು. ಈಗ ಸುಮ್ಮನಿದ್ದರೆ ಸಾಕಿತ್ತು; ಮ್ಯೂಟಿನ ಗುಂಡಿ ಇದ್ದ ಕಡೆ ಇದ್ದರೆ ಸಾಕಿತ್ತು. ಆದರೆ ಎದೆಯಲ್ಲಿ ಕಲ್ಲು ಅನ್ನುವ ಇನ್ನೊಬ್ಬ ಅಂಜಮ್ಮ ಕೋಲಾರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತದ್ದು ಕಣ್ಣಿಗೆ ಕಟ್ಟಿತು. ತುಂಬ ತೊಂದರೆ ತಾಯಿ, ಅನ್ನುತ್ತಾಳೆ ಆಕೆ. ಅವಸರ ಬೇಡಮ್ಮ, ಕೂತಿರಿ, ಅನ್ನುತ್ತಾಳೆ ಈ ಹುಡುಗಿ, ಒಳ್ಳೆಯ ಮನಸ್ಸಿನಿಂದಲೇ.

ನಾಹಿದ್ ಗುಂಡಿ ಒತ್ತಿದಳು. “ಬರೀಬೇಡಿ ಸರ್.”

“ಯಾಕೆ ಮೇಡಂ?”

“ಅವಳು ತೊಂದರೆ ಅಂದ್ರೆ ಅವಸರ ಅಂತ ತಿಳ್ಕೊಂಡಿದ್ದಾಳೆ. ತೆಲುಗಿನ ತೊಂದರ. ನಮ್ಮ ಅಂಗಡೀಲಿ ಕೇಳಿಸ್ಕೊಂಡಿದ್ದು. ತಪ್ಪು ನಂದು. ನಿಮಗೆ ಸರಿಯಾಗಿ ಕೇಳಿಸ್ತಷ್ಟೆ, ಅವಳು ಹೇಳಿದ್ದು ಅದಲ್ಲ.”

ಅಮರನಾಥ್ ಪೆನ್ನು ಎತ್ತಿ ಹಿಡಿದ. “ಪಾಸಾದವರನ್ನ ಫೇಲ್ ಮಾಡಿ ಅನ್ನೋ ಟೀಚರನ್ನ ಇವತ್ತೇ ನೋಡಿದ್ದು.” ಆಮೇಲೆ ಮೆಲ್ಲಗೆ ಕೇಳಿದ: “ಡಾಕ್ಟ್ರೇ, ತೊಂದರೆ ಅಂದ್ರೆ ಏನು? ಹಿಂದೀಲಿ ಬೇಡ. ಕನ್ನಡದಲ್ಲೇ ಹೇಳಿ.”

ಮತ್ತೆ ಅದೇ ಇಪ್ಪತ್ತಾರು ದಿನದ ಮೌನ. ನಾಹಿದಳ ನಾಲಿಗೆಯ ತುದಿಗೆ ಉತ್ತರ ಬಂದು ನಿಂತಿತು. ಒಂದು ಕೈ ಸನ್ನೆ ಮಾಡಿದ್ದರೂ ಸಾಕಿತ್ತು. ಮಾಡಲಿಲ್ಲ. ಹದಿನಾರು ವರ್ಷದಲ್ಲಿ ಮೊದಲ ಸಲ ಪಾಠದ ನಡುವೆ ಕೂತಳು, ದೊಡ್ಡಗಂಗಮ್ಮನ ಹಾಸಿಗೆಗೆ ಬೆನ್ನು ಕೊಟ್ಟು.

“ದೊಡ್ಡಗಂಗಮ್ಮಂಗೆ ತೊಂದರ,” ಅಂದಳು ಪ್ರಣಾಮಿ. ಬೆರಳು ಮಡಿಚಿದಳು. “ಶಾಕಿರ್ ಭಾಯಿಗೆ ತೊಂದರೆ.” ಇನ್ನೊಂದು ಬೆರಳು. “ನಮ್ಮ ಮಿಸ್‌ಗೆ ಎರಡೂ. ಯಾವಾಗ್ಲೂ.”

ಅಮರನಾಥ್ ನಗಲು ಬಾಯಿ ತೆರೆದ. ಹುಡುಗಿ ಬಿಡಲಿಲ್ಲ. ಅಷ್ಟು ದಿನದಲ್ಲಿ ನಾಹಿದ್ ಕೇಳದಿದ್ದ ಒಂದು ಜೋರು ಆ ದನಿಗೆ ಬಂದಿತ್ತು.

“ಸರ್, ಅಮ್ಮಂಗೆ ಇಸಿಜಿ ಅವಸರ.”

“ಅವಸರ ಅಂದ್ರೆ? ಯಾವ ಅವಸರ ಡಾಕ್ಟ್ರೇ, ತೆಲುಗುದೋ ಕನ್ನಡದ್ದೋ?”

“ಎರಡೂ. ಬೇಕು. ಈಗ್ಲೇ ಬೇಕು. ಎದೆ ಭಾರ, ಎಡಗೈ, ನಾಲ್ಕು ದಿನ. ಗ್ಯಾಸು ಅಲ್ಲ ಇರಬಹುದು. ಮೆಟ್ಟಿಲು ಬೇಡ, ನಡೆಯೋದು ಬೇಡ. ಆಟೋ ಕರೀರಿ.”

ಅಮರನಾಥನ ಕುರ್ಚಿ ಎಳೆದ ಸದ್ದು, ಅಂಜಮ್ಮನ “ಲೇ, ಸೀರೆನಾದ್ರೂ ಬದಲಾಯಿಸ್ತೀನಿ ತಾಳೋ” ಎಂಬ ಮಾತು, ಆಮೇಲೆ ಕಪ್ಪು ಪರದೆ. ಪಾಸೋ ಫೇಲೋ ಯಾರೂ ಹೇಳಲಿಲ್ಲ.

“ಮಿಸ್,” ಅಂದಳು ಪ್ರಣಾಮಿ, ಅವಳ ಕಿಟಕಿಯೂ ಕಪ್ಪಾಗಿತ್ತು. “ಅಳಬೇಡಿ. ನಕ್ಕೋ.”

ಅದು ಕನ್ನಡದ್ದೋ ದಖನಿಯದ್ದೋ, ನಾಹಿದ್ ಕೇಳಲಿಲ್ಲ.

ಹೊರಗೆ ದೊಡ್ಡಗಂಗಮ್ಮನ ದನಿ ಆಗಲೇ ಎದ್ದಿತ್ತು. ಬೀದಿಯಲ್ಲಿ ಆಟೋ ನಿಲ್ಲಿಸಿಕೊಂಡೇ ಬಂದಿದ್ದಳು. ನಾಹಿದ್ ಎದ್ದು, ಉತ್ತರದ ಗೋಡೆಯ ಕಿವಿ ಹಿಡಿದು ಎಳೆದಳು. ಶಾಕಿರ್ ಇನ್ನೊಂದು ತುದಿಗೆ ಕೈಹಾಕಿದ. ಕೆಂಪು ಗೀಟಿನ ಹಾಸಿಗೆ ಬಾಗಿಲಲ್ಲಿ ಬಗ್ಗಿ ಹೊರಗೆ ಬಂತು.

“ಒಳಗೇ ಇತ್ತಾ ಇದು?” ದೊಡ್ಡಗಂಗಮ್ಮ ಸೊಂಟಕ್ಕೆ ಕೈಯಿಟ್ಟಳು. “ಇಷ್ಟ್ ದಿನ ಏನ್ ಮಾಡ್ತಿತ್ತಮ್ಮ?”

“ಕ್ಲಾಸಿಗೆ ಹೋಗ್ತಿತ್ತು ಅವ್ವಾ. ಇವತ್ತು ಪರೀಕ್ಷೆ ಮುಗೀತು.”

ಮುದುಕಿ ಹಾಸಿಗೆ ಒತ್ತಿ ನೋಡಿದಳು, ಒಂದು ಕಡೆ ಬೆನ್ನು ಒರಗಿದ ತಗ್ಗು ಕಂಡು ಗೊಣಗಿದಳು, ಆಟೋದ ತಲೆಗೆ ಕಟ್ಟಿಸಿಕೊಂಡು ಹೋದಳು. ಗೋದಾಮಿನಲ್ಲಿ ಹಾಸಿಗೆಯಿದ್ದ ಕಡೆ ಒಂದು ಕಿಟಕಿ ಕಂಡಿತು; ಅದರೊಳಗಿಂದ ಬಜಾರಿನ ಮೂರೂ ಭಾಷೆ ಒಟ್ಟಿಗೆ ನುಗ್ಗಿದವು. ನಾಹಿದ್ ಇನ್ನೊಂದು ಹಾಸಿಗೆ ತಂದು ಅಲ್ಲಿ ನಿಲ್ಲಿಸಲಿಲ್ಲ.

ಆರು ಗಂಟೆಗೆ ಅಮರನಾಥನ ಸಂದೇಶ ಬಂತು. ಅಮ್ಮನನ್ನು ಸೇರಿಸಿಕೊಂಡಿದ್ದಾರೆ, ಸರಿಯಾದ ಹೊತ್ತಿಗೆ ತಂದಿರಿ ಅಂದರು, ಡಾಕ್ಟರಿಗೆ ತಿಳಿಸಿ. ಕೆಳಗೆ ಇನ್ನೊಂದು ಸಾಲು: ಫಲಿತಾಂಶ ನಾಳೆ ಹೇಳ್ತೀನಿ ಮೇಡಂ.

“ನಾಳೆ,” ಎಂದು ಶಾಕಿರ್ ಓದಿ, ಮೀಸೆಯಲ್ಲೇ ನಕ್ಕ. “ಈಗ ಗೊತ್ತಾಗುತ್ತೆ ನಿಂಗೆ, ದೊಡ್ಡಗಂಗಮ್ಮನ ಸಂಕಟ.”

ನಾಹಿದ್ ನಾಳೆಗೆ ಕಾಯಲಿಲ್ಲ. ಪ್ರಿನ್ಸಿಪಾಲರ ನಂಬರು ತೆಗೆದು ‘ನಕ್ಕೋ’ ಎಂದು ಬರೆದಳು. ಅಳಿಸಿದಳು. ‘ಹಿಂದಿ ಬೇಡ ಮೇಡಂ, ನಾನು ಕನ್ನಡ ಮಿಸ್ಸು’ ಎಂದು ಬರೆದು, ಮತ್ತೆ ಓದಿ ನೋಡದೆ ಕಳಿಸಿಬಿಟ್ಟಳು.

ಎರಡು ನಿಮಿಷಕ್ಕೆ ಉತ್ತರ ಬಂತು: ‘ಅವಸರ ಬೇಡ ನಾಹಿದ್.’

ಪ್ರಿನ್ಸಿಪಾಲ್ ಮೇಡಂ ಶ್ರೀನಿವಾಸಪುರದವರು, ಮನೆಮಾತು ತೆಲುಗು. ಆತುರಪಡಬೇಡಿ ಅಂದರೋ, ನೀವು ಬೇಕಾಗಿಲ್ಲ ಅಂದರೋ? ನಾಹಿದ್ ಆ ಎರಡು ಪದವನ್ನು ನಾಲ್ಕು ಸಲ ಓದಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದಳು.